ನೋಡಿಲ್ಲ, ಆದ್ರೆ ಚೆನ್ನಾಗಿಲ್ಲ

ಸಿನಿಮಾ ನೋಡಿ ಅಭಿಪ್ರಾಯ ಹೇಳುವ ಕಾಲ ಮುಗಿಯಿತು. ಈಗ ಮೊದಲು ಅಭಿಪ್ರಾಯ, ಆಮೇಲೆ ಪುರುಸೊತ್ತಾದರೆ ಸಿನಿಮಾ. ಇದರಲ್ಲಿ ಉಳಿತಾಯ ಬಹಳ. ಪಾರ್ಕಿಂಗ್ ಗೋಳಿಲ್ಲ, ಪಾಪ್‌ಕಾರ್ನ್‌ಗೆ ಒಡವೆ ಅಡ ಇಡಬೇಕಿಲ್ಲ. ಎರಡು ನಿಮಿಷದ ಟ್ರೇಲರು, ಅದರ ಕೆಳಗಿನ ನಾಲ್ಕು ಕಾಮೆಂಟು, ಇಷ್ಟಿದ್ದರೆ ಸಾಕು. ಯಾವ ಸಿನಿಮಾದ ಬಗ್ಗೆ ಬೇಕಾದರೂ ಮದುವೆಮನೆ ಪಂಕ್ತಿಯಲ್ಲಿ ಕೂತು ಮಾತಾಡಬಹುದು. ಕೋಸಂಬರಿಗೆ ಶುರುವಾದರೆ ಹೋಳಿಗೆ ಬರುವಷ್ಟರಲ್ಲಿ ನಿರ್ದೇಶಕನ ಭವಿಷ್ಯ ಇತ್ಯರ್ಥವಾಗಿರುತ್ತದೆ.

ನೋಡದೇ ಮಾತಾಡುವವರು ಹಿಂದೆಯೂ ಇದ್ದರು. ಆದರೆ ಅವರ ಮಾತು ಅರಳಿಕಟ್ಟೆ ದಾಟುತ್ತಿರಲಿಲ್ಲ. ಈಗ ಕಟ್ಟೆಗೇ ಮೈಕು ಬಂದಿದೆ. ದೊಡ್ಡ ಹೀರೊನ ಸಿನಿಮಾ ಬಿಡುಗಡೆಯಾದ ಬೆಳಿಗ್ಗೆ ಬೆಂಗಳೂರಿನ ಯಾವುದಾದರೂ ಹಳೆಯ ಚಿತ್ರಮಂದಿರದ ಗೇಟಿನ ಬಳಿ ನಿಂತು ನೋಡಿ. ಇಂಟರ್‌ವಲ್‌ನಲ್ಲಿ ಟೀ ಕುಡಿಯಲು ಬಂದವನ ಮೂತಿಗೆ ಐದಾರು ಯೂಟ್ಯೂಬ್ ಚಾನೆಲ್‌ಗಳ ಮೈಕು ಒಟ್ಟಿಗೆ ಬರುತ್ತವೆ.

“ಹೆಂಗಿದೆ ಬ್ರೋ?”

“ಬೆಂಕಿ ಗುರು, ಬೆಂಕಿ!”

“ಏನಿಷ್ಟ ಆಯ್ತು?”

“ಬಾಸ್ ಎಂಟ್ರಿ.”

“ಕಥೆ?”

“ಕಥೆ ಸೆಕೆಂಡ್ ಹಾಫ್‌ನಲ್ಲಿ ಬರತ್ತೆ ಅನ್ಸತ್ತೆ. ಎಲ್ರೂ ಫ್ಯಾಮಿಲಿ ಸಮೇತ ಬಂದು ನೋಡಿ.”

ಇವನಿಗಿನ್ನೂ ಅರ್ಧ ಸಿನಿಮಾ ಬಾಕಿ. ಅಷ್ಟರಲ್ಲಿ ಹುಬ್ಬಳ್ಳಿಯಲ್ಲೊಬ್ಬ ಆ ವಿಡಿಯೊ ನೋಡಿ, ‘ದುಡ್ಡು ಕೊಟ್ಟು ಹೇಳಿಸಿದ್ದು’ ಎಂದು ಬರೆದಿರುತ್ತಾನೆ. ಅವನಿಗೆ ಪೂರ್ತಿ ಸಿನಿಮಾ ಬಾಕಿ.

ಮನೆಯೊಳಗಿನ ವಿಮರ್ಶಕರ ಕ್ರಮವೇ ಬೇರೆ. ನನ್ನ ಭಾಮೈದ ಮೊನ್ನೆ ಸೋಫಾದ ಮೇಲೆ ಕಾಲು ಚಾಚಿ ‘ಸಪ್ತ ಸಾಗರದಾಚೆ ಎಲ್ಲೋ’ ಹಾಕಿಕೊಂಡ. ಎದುರಿಗೆ ಟಿವಿ, ಎಡಗೈಯಲ್ಲಿ ಫೋನು, ಬಲಗೈಯಲ್ಲಿ ರಿಮೋಟು. ಎಲ್ಲಿ ಮಾತು ನಿಲ್ಲುತ್ತದೋ ಅಲ್ಲಿ ಹತ್ತು ಸೆಕೆಂಡು ಮುಂದಕ್ಕೆ ತಳ್ಳುವುದು ಅವನ ಶಿಸ್ತು. ನಿರ್ದೇಶಕ ಹೇಮಂತ್ ರಾವ್ ಚಿತ್ರಗಳಲ್ಲಿ ಮಾತು ನಿಲ್ಲುವ ಜಾಗ ಎಷ್ಟಿರುತ್ತದೆ ಎಂದು ಬಲ್ಲವರಿಗೆ ಆ ರಿಮೋಟಿನ ಪಾಡು ಅರ್ಥವಾಗುತ್ತದೆ.

“ಭಾವ, ಇವ್ನು ಜೈಲಿಗೆ ಯಾಕೆ ಹೋದ?”

“ಇನ್ಯಾರೋ ಮಾಡಿದ ಆಕ್ಸಿಡೆಂಟನ್ನ ತನ್ನ ತಲೆ ಮೇಲೆ ಹಾಕ್ಕೊಂಡ.”

“ಅದನ್ನ ತೋರಿಸ್ಬೇಕಿತ್ತು.”

“ತೋರಿಸಿದ್ರು. ಆಗ ನೀನು ಬೆಕ್ಕು ಸೌತೆಕಾಯಿಗೆ ಹೆದರಿ ಎಗರೋ ವಿಡಿಯೊ ನೋಡ್ತಿದ್ದೆ.”

“ಅದೇ ಹೇಳಿದ್ದು ಭಾವ, ಸ್ಕ್ರೀನ್‌ಪ್ಲೇ ವೀಕು.”

ರಾತ್ರಿ ಊಟಕ್ಕೆ ಮುಂಚೆ ಫ್ಯಾಮಿಲಿ ಗ್ರೂಪಿನಲ್ಲಿ ತೀರ್ಪು ಬಿತ್ತು: ಐದಕ್ಕೆ ಎರಡೂವರೆ. ಫೋಟೊಗ್ರಫಿಗೆ ಅರ್ಧ ಜಾಸ್ತಿ ಕೊಟ್ಟಿದ್ದೇನೆಂದು ಉದಾರವಾಗಿ ಟಿಪ್ಪಣಿ ಬೇರೆ. ಆ ಗ್ರೂಪಿನ ಚಿಕ್ಕಮ್ಮ ಇನ್ನು ಜನ್ಮದಲ್ಲಿ ಆ ಸಿನಿಮಾ ನೋಡುವುದಿಲ್ಲ. ಯಾರಾದರೂ ಕೇಳಿದರೆ, ‘ಫಸ್ಟ್ ಹಾಫ್ ಲ್ಯಾಗ್ ಅಂತೆ’ ಎನ್ನುತ್ತಾರೆ.

ಇದೇ ಹುಡುಗನಿಗೆ ಮಲಯಾಳಂ ಸಿನಿಮಾದ ನಿಧಾನ ಮಾತ್ರ ಬಹಳ ಇಷ್ಟ. ಅಲ್ಲಿ ಹೀರೊ ಹತ್ತು ನಿಮಿಷ ಮೀನು ತೊಳೆದರೆ ಅದು ಬದುಕು. ಇಲ್ಲಿ ಹೀರೊ ಒಂದು ನಿಮಿಷ ಸುಮ್ಮನೆ ಕೂತರೆ ಎಡಿಟರ್ ಸರಿಯಿಲ್ಲ. 2021ರ ‘ದಿ ಗ್ರೇಟ್ ಇಂಡಿಯನ್ ಕಿಚನ್’ ನೋಡಿದ ದಿನ, ಅಡುಗೆಮನೆಯಲ್ಲಿ ಸವೆಯುವ ಹೆಂಗಸಿನ ಬಗ್ಗೆ ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಮಾತಾಡಿದ. ಮಾತಿನ ನಡುವೆ ಒಳಗೆ ಕೂಗಿ ಎರಡು ಸಲ ಕಾಫಿ ತರಿಸಿಕೊಂಡ. ಎರಡನೆಯದರಲ್ಲಿ ಸಕ್ಕರೆ ಕಮ್ಮಿ ಎಂಬ ವಿಮರ್ಶೆಯೂ ಬಂತು.

ಅಷ್ಟೂ ನೋಡಲಾಗದವರಿಗೆ ‘ಎಕ್ಸ್‌ಪ್ಲೇನ್ಡ್ ಇನ್ ಕನ್ನಡ’ ಇದೆ. ಮೂರು ಗಂಟೆಯ ಇಂಗ್ಲಿಷ್ ಚಿತ್ರ ಹನ್ನೆರಡು ನಿಮಿಷದಲ್ಲಿ ಮುಗಿಯುತ್ತದೆ. ‘ಈ ಹುಡುಗನ ಹೆಸರು ಜಾನ್. ಇವನಿಗೆ ಒಂದು ಕಾಯಿಲೆ ಇರತ್ತೆ’ ಎಂದು ಒಬ್ಬ ಒಂದೇ ಉಸಿರಿನಲ್ಲಿ ಓದುತ್ತ ಹೋಗುತ್ತಾನೆ. ಜಾನ್ ಸತ್ತಾಗಲೂ ಅವನ ದನಿ ಏರುವುದಿಲ್ಲ, ಇಳಿಯುವುದಿಲ್ಲ. ಇನ್ನು ರಿಯಾಕ್ಷನ್ ವಿಡಿಯೊ. ‘ಕೆಜಿಎಫ್ 2’ ಟೀಸರ್ 2021ರ ಜನವರಿಯಲ್ಲಿ ಬಂದಾಗ ನಾವು ಅದನ್ನು ನೋಡಿದ್ದಕ್ಕಿಂತ, ಅದನ್ನು ನೋಡಿ ಬಾಯಿ ಬಿಡುವ ಬಿಳಿಯರನ್ನು ನೋಡಿದ್ದೇ ಹೆಚ್ಚು. ಯಶ್ ಚೆನ್ನಾಗಿ ಮಾಡಿದ್ದಾರೋ ಇಲ್ಲವೋ ಎಂದು ಖಾತ್ರಿಯಾಗಬೇಕಾದರೆ ಟೆಕ್ಸಾಸಿನಲ್ಲೊಬ್ಬ ಕುರ್ಚಿಯಿಂದ ಎದ್ದು ತಲೆ ಮೇಲೆ ಕೈ ಹೊತ್ತುಕೊಳ್ಳಬೇಕು. ಅವನು ಎದ್ದ, ನಮಗೆ ಅಭಿಮಾನ ಉಕ್ಕಿತು.

ಹೀಗೆ ಸಾಲ ತಂದ ಅಭಿಪ್ರಾಯಕ್ಕೆ ಒಂದು ಅನುಕೂಲವಿದೆ: ಯಾವಾಗ ಬೇಕಾದರೂ ವಾಪಸು ಕೊಟ್ಟು ಬೇರೆಯದನ್ನು ತರಬಹುದು. 2014ರಲ್ಲಿ ರಕ್ಷಿತ್ ಶೆಟ್ಟಿಯ ‘ಉಳಿದವರು ಕಂಡಂತೆ’ ಬಂದಾಗ ಚಿತ್ರಮಂದಿರದಲ್ಲಿ ಓಡಲಿಲ್ಲ. ಆಮೇಲೆ ಇಂಟರ್‌ನೆಟ್ ಅದನ್ನು ತಲೆ ಮೇಲೆ ಹೊತ್ತು ಮೆರೆಸಿತು. ಇವತ್ತು ಕೇಳಿ ನೋಡಿ, ಅದನ್ನು ಥಿಯೇಟರಿನಲ್ಲಿ, ಅದೂ ಮೊದಲ ವಾರವೇ, ನೋಡದ ಒಬ್ಬ ಕನ್ನಡಿಗನೂ ಸಿಗುವುದಿಲ್ಲ. ಇಷ್ಟು ಜನ ಆಗಲೇ ಹೋಗಿದ್ದರೆ ನಿರ್ಮಾಪಕರು ಬಾಲ್ಕನಿಯಲ್ಲಿ ಚಾಪೆ ಹಾಸಿಸಬೇಕಾಗುತ್ತಿತ್ತು.

2025ರ ಜುಲೈನಲ್ಲಿ ‘ಸು ಫ್ರಮ್ ಸೋ’ ಬಂತು. ದೊಡ್ಡ ಹೀರೊ ಇಲ್ಲ, ಪ್ರಚಾರದ ಅಬ್ಬರವಿಲ್ಲ. ಬಾಯಿಂದ ಬಾಯಿಗೆ ಹರಡಿಯೇ ನೂರು ಕೋಟಿ ದಾಟಿತು. ಬಾಯಿಮಾತಿಗೆ ಇಂಥ ಪುಣ್ಯವೂ ಉಂಟು ಎಂದು ನಾನು ಖುಷಿಪಟ್ಟೆ. ಆದರೆ ಚಿತ್ರದ ಕಥೆಯೇನು? ಸಿಕ್ಕಿಬಿದ್ದ ಹುಡುಗನೊಬ್ಬ ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ಆಡುತ್ತಾನೆ, ಕರಾವಳಿಯ ಊರಿಗೆ ಊರೇ ನಂಬುತ್ತದೆ. ಆಮೇಲೆ ಅದು ಸೋಮೇಶ್ವರದ ಸುಲೋಚನಾ ಎಂದು ಊರವರೇ ಸಾಕ್ಷಿ ಜೋಡಿಸುತ್ತಾರೆ. ನಿರ್ದೇಶಕ ಜೆ.ಪಿ. ತುಮಿನಾಡು ಊರಿನ ಬಗ್ಗೆ ಸಿನಿಮಾ ಮಾಡಿದರೋ ನಮ್ಮ ಕಾಮೆಂಟ್ ಬಾಕ್ಸಿನ ಬಗ್ಗೆಯೋ ಎಂಬ ಗುಮಾನಿ ನನಗಿನ್ನೂ ಹೋಗಿಲ್ಲ.

ಇದಕ್ಕೆಲ್ಲ ಮದ್ದು ಹುಡುಕುವವರೂ ಇದ್ದಾರೆ. ಕೇರಳ ಹೈಕೋರ್ಟಿಗೆ ನೆರವಾಗಲು ನೇಮಕವಾಗಿದ್ದ ವಕೀಲರು 2024ರಲ್ಲಿ, ಬಿಡುಗಡೆಯಾದ 48 ಗಂಟೆ ವ್ಲಾಗರ್‌ಗಳು ವಿಮರ್ಶೆ ಮಾಡದಿರಲಿ ಎಂದು ಸಲಹೆ ಕೊಟ್ಟರು. ಅದೇ ವರ್ಷ ತಮಿಳು ನಿರ್ಮಾಪಕರು ಥಿಯೇಟರ್ ಆವರಣಕ್ಕೆ ಮೈಕಿನವರನ್ನು ಬಿಡಬೇಡಿ ಎಂದರು. ಇವೆಲ್ಲ ನೋಡಿದವರ ಬಾಯಿಗೆ ಬೀಗ. ಬಿಡುಗಡೆಗೆ ಮೊದಲೇ ಮುಗಿಸಿದವರನ್ನು ಯಾವ ಕೋರ್ಟು ತಡೆಯುತ್ತದೆ?

ಹಾಗಾಗಿ ಬುದ್ಧಿವಂತ ಕಂಪನಿಗಳು ತಡೆಯುವುದನ್ನು ಬಿಟ್ಟು ಶರಣಾಗಿವೆ. ನೆಟ್‌ಫ್ಲಿಕ್ಸ್ 2019ರಲ್ಲಿ ಚಿತ್ರವನ್ನು ವೇಗವಾಗಿ ಓಡಿಸಿಕೊಂಡು ನೋಡುವ ಸೌಲಭ್ಯ ಪರೀಕ್ಷಿಸಿದಾಗ ಹಾಲಿವುಡ್ ನಿರ್ದೇಶಕರು ರೇಗಾಡಿದರು. ಮರುವರ್ಷ ಅದು ಬಂದೇಬಿಟ್ಟಿತು. ಪಾತ್ರಗಳು ತಾವೇನು ಮಾಡುತ್ತಿದ್ದೇವೆಂದು ಬಾಯಿಬಿಟ್ಟು ಹೇಳಲಿ, ಹಿನ್ನೆಲೆಯಲ್ಲಿ ಹಾಕಿಕೊಂಡವರಿಗೂ ತಿಳಿಯಲಿ ಎಂಬ ಸೂಚನೆ ಬರುತ್ತದೆಂದು ನೆಟ್‌ಫ್ಲಿಕ್ಸ್‌ಗೆ ಬರೆದ ಚಿತ್ರಕಥೆಗಾರರು ಹೇಳಿಕೊಂಡಿದ್ದಾರೆ. ಇದನ್ನು ಓದಿ ನಮ್ಮ ಧಾರಾವಾಹಿಗಳ ಬಗ್ಗೆ ಗೌರವ ಹೆಚ್ಚಿತು. ಅತ್ತೆ ಬಾಗಿಲ ಮರೆಯಲ್ಲಿ ನಿಂತು ಸಂಚನ್ನೆಲ್ಲ ಮನಸ್ಸಿನಲ್ಲೇ ಜೋರಾಗಿ ಹೇಳಿಕೊಳ್ಳುವುದು ಯಾಕೆಂದುಕೊಂಡಿರಿ? ಒಗ್ಗರಣೆ ಸಿಡಿಯುವಾಗಲೂ ಕಥೆ ಕೇಳಿಸಬೇಕು. ಅಮೆರಿಕ ಈಗ ಕಲಿತದ್ದನ್ನು ನಮ್ಮ ಅತ್ತೆಯಂದಿರು ಎಂದೋ ಕರಗತ ಮಾಡಿಕೊಂಡಿದ್ದರು.

ನನ್ನದೊಂದು ಅರ್ಜಿಯಿದೆ. 2024ರಲ್ಲಿ ಸೆನ್ಸಾರ್ ನಿಯಮ ಬದಲಾಗಿ ‘ಯುಎ’ ಪ್ರಮಾಣಪತ್ರ 7 ಪ್ಲಸ್, 13 ಪ್ಲಸ್, 16 ಪ್ಲಸ್ ಎಂದು ಮೂರು ಹೋಳಾಯಿತು. ಅದೇ ಪತ್ರವನ್ನು ಪ್ರೇಕ್ಷಕರಿಗೂ ಕೊಡಲಿ, ವಯಸ್ಸು ನೋಡಿ ಅಲ್ಲ. ಫೋನು ಮುಟ್ಟದೆ 7 ನಿಮಿಷ ಕೂತವರು ಟ್ರೇಲರ್ ಬಗ್ಗೆ ಮಾತಾಡಬಹುದು. 13 ನಿಮಿಷ ಕೂತವರು ಹಾಡು, ಫೈಟು, ಬಾಸ್ ಎಂಟ್ರಿ ಬಗ್ಗೆ. 16 ದಾಟಿದವರಿಗೆ ಸ್ಕ್ರೀನ್‌ಪ್ಲೇ ವೀಕು ಎನ್ನುವ ಹಕ್ಕು. ಈ ಯೋಜನೆಯನ್ನು ಭಾಮೈದನಿಗೆ ಕಳಿಸಿದೆ. ಎರಡೇ ಸೆಕೆಂಡಿನಲ್ಲಿ ಉತ್ತರ ಬಂತು: “ಸೂಪರ್ ಭಾವ, ಆದ್ರೆ ಸ್ವಲ್ಪ ಲೆಂತಿ.”