ಮಂಜು ಬಂದ ಮೇಲೆ ರೇಡಾರ್ ಕಲಿಯುವವರು

ದೋಣಿಯ ಶೋಕಿ ಹತ್ತಿದವರಿಗೆ ಮೊದಲು ಬರುವುದು ಟೋಪಿ, ಆಮೇಲೆ ದೋಣಿ, ಕೊನೆಗೆ ಅದರ ನೆತ್ತಿಗೊಂದು ಬಿಳಿ ಗುಮ್ಮಟದ ರೇಡಾರ್. ಅಲ್ಲಿಂದ ಯಜಮಾನರ ನಡಿಗೆಯೇ ಬದಲು. ‘ನಮ್ಮದು 24 ಮೈಲಿ ನೋಡುತ್ತೆ’ ಅಂತ ದಕ್ಕೆಯಲ್ಲಿ ನಿಂತು ಸಾರುತ್ತಾರೆ. ಭೂಮಿ ಗುಂಡಗಿರುವುದು ಅವರಿಗೆ ಮರೆತಿರುತ್ತದೆ. ನೀರಿನಿಂದ ಮೂರ್ನಾಲ್ಕು ಮೀಟರ್ ಮೇಲಿರುವ ಗುಮ್ಮಟಕ್ಕೆ ಸಮುದ್ರದ ಅಂಚು 4 ಮೈಲಿಯ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಆಚೆ ಕಾಣುವುದು ಎತ್ತರದ ಗುಡ್ಡ, ದೊಡ್ಡ ಹಡಗು, ಮಳೆಮೋಡ, ಅಷ್ಟೆ.

ಇರಲಿ. ಇಷ್ಟು ದುಡ್ಡು ಸುರಿದ ಯಂತ್ರವನ್ನು ಆನ್ ಮಾಡುವುದು ಮಂಜು ಕವಿದ ದಿನ ಮಾತ್ರ! ಅಮೆರಿಕದ ಮೇನ್ ಕರಾವಳಿಯಲ್ಲಿ ಅಂಥ ದಿನಕ್ಕೆ ಬರವೂ ಇಲ್ಲ. ಬೇಸಿಗೆಯಲ್ಲಿ ತೇವ ಹೊತ್ತ ಬೆಚ್ಚನೆ ಗಾಳಿ ಅಲ್ಲಿನ ತಣ್ಣೀರಿನ ಮೇಲೆ ಹಾಯ್ದರೆ ಸಾಕು, ದೋಣಿಯ ಮೂತಿಯೇ ಕಾಣದು. ಜೋನ್ಸ್‌ಪೋರ್ಟ್ ಹತ್ತಿರ ಮಂಜಿಗೆ ಹೆಸರಾದ ಮೂಸ್ ಪೀಕ್ ದೀಪಸ್ತಂಭವಿದೆ. ಅದು ನಿಂತಿರುವ ದ್ವೀಪದ ಹೆಸರು ಮಿಸ್ಟೇಕ್ ಐಲ್ಯಾಂಡ್. ಹೆಸರಿಟ್ಟವರಿಗೆ ನಮ್ಮ ಕ್ಯಾಪ್ಟನ್ನರ ಪರಿಚಯವಿತ್ತೋ ಏನೋ.

ರೇಡಾರ್ ಅಲೆ ಹುಟ್ಟಿಸಲು ಮ್ಯಾಗ್ನೆಟ್ರಾನ್ ಎಂಬ ಕೊಳವೆ ಬಳಸುವ ಹಳೆಯ ಸೆಟ್ಟಾದರೆ ಒಂದೆರಡು ನಿಮಿಷ ಬಿಸಿಯಾಗದೆ ಕೆಲಸಕ್ಕಿಳಿಯುವುದಿಲ್ಲ. ಕುಲದೇವರನ್ನು ನೆನೆಯಲು ಅಷ್ಟು ಹೊತ್ತು ಸಾಕು. ಆಮೇಲೆ ಪರದೆಯ ತುಂಬ ಮಚ್ಚೆಗಳು. ಯಾವುದು ಬಂಡೆ, ಯಾವುದು ಅಲೆ, ಯಾವುದು ಕಡಲಹಕ್ಕಿಗಳ ಹಿಂಡು? ಗಲಿಬಿಲಿಯಲ್ಲಿ ಕ್ಯಾಪ್ಟನ್ನರು ಅಲೆಗಳ ಮಚ್ಚೆ ತಗ್ಗಿಸುವ ಸೀ ಕ್ಲಟರ್ ಗುಬುಟನ್ನು ಪೂರ್ತಿ ತಿರುಗಿಸುತ್ತಾರೆ. ಪರದೆ ಥಳಥಳ! ಮದುವೆಮನೆಯಲ್ಲಿ ಮಕ್ಕಳ ಗಲಾಟೆ ಅಡಗಿಸಲು ಹೋಗಿ ಪುರೋಹಿತರ ಬಾಯಿಯನ್ನೂ ಮುಚ್ಚಿಸಿದ ಹಾಗೆ, ಅಲೆಗಳ ಜೊತೆ ಹತ್ತಿರದ ಸಣ್ಣ ದೋಣಿಯೂ ಅಳಿಸಿಹೋಗಿದೆ. ಫೈಬರ್‌ಗ್ಲಾಸ್, ಮರದ ದೋಣಿಗಳ ಪ್ರತಿಧ್ವನಿ ಮೊದಲೇ ಕ್ಷೀಣ. ಲಾಬ್‌ಸ್ಟರ್ ಬೋನುಗಳ ಗುರುತಿಗೆ ತೇಲಿಬಿಟ್ಟ ಬುರುಡೆಗಳಂತೂ ಕಂಡರೆ ನಿಮ್ಮ ಪುಣ್ಯ.

ಇನ್ನು ಕಿರಣದ ಅಗಲ. 18 ಇಂಚಿನ ಗುಮ್ಮಟದ ಕಿರಣ ಸುಮಾರು 5 ಡಿಗ್ರಿ. ಒಂದು ನಾವಿಕ ಮೈಲಿ ಹೋಗುವಷ್ಟರಲ್ಲಿ ಅದು 160 ಮೀಟರಿನಷ್ಟು ಹರಡಿಕೊಂಡಿರುತ್ತದೆ. ಎರಡು ದ್ವೀಪಗಳ ನಡುವೆ ಆರಾಮಾಗಿ ಹೋಗುವ ದಾರಿ ಇದ್ದರೂ ಪರದೆಯಲ್ಲಿ ಗೋಡೆ.

ಎಲ್ಲಕ್ಕಿಂತ ತಮಾಷೆ ನೀರಿನ ಮೇಲೆ ಹಾಯ್ದ ವಿದ್ಯುತ್ ತಂತಿಯದು. ತಂತಿ ಉದ್ದಕ್ಕೂ ಕಾಣುವುದಿಲ್ಲ. ಕಿರಣ ಲಂಬವಾಗಿ ಬಡಿಯುವ ಜಾಗ ಮಾತ್ರ ಒಂದು ಚುಕ್ಕೆಯಾಗಿ ಹೊಳೆಯುತ್ತದೆ. ನೋಡಿದರೆ ಥೇಟ್ ಎದುರು ಬರುವ ಹಡಗು. ನೀವು ಬಲಕ್ಕೆ ತಿರುಗಿ, ಅದೂ ಜೊತೆಗೇ ಸರಿಯುತ್ತದೆ. ಎಡಕ್ಕೆ ಬನ್ನಿ, ಅಲ್ಲೂ ಹಾಜರು. ಕ್ಯಾಪ್ಟನ್ನರು ಆ ಹಡಗಿನವನಿಗೆ ವಿಎಚ್‌ಎಫ್ ರೇಡಿಯೋದಲ್ಲಿ ಬೈಯುತ್ತಿರುವಾಗಲೇ ತಂತಿ ತಲೆಯ ಮೇಲೆ ಹಾದುಹೋಗುತ್ತದೆ.

ಹವ್ಯಾಸಿಗಳನ್ನಷ್ಟೇ ನೋಡಿ ನಗಬಾರದು ಅನ್ನಿ. 1956ರ ಜುಲೈ 25ರ ರಾತ್ರಿ ಅಮೆರಿಕದ ನಾಂಟಕೆಟ್ ದ್ವೀಪದ ಬಳಿ ಆಂಡ್ರಿಯಾ ಡೋರಿಯಾ, ಸ್ಟಾಕ್‌ಹೋಮ್ ಎಂಬ ಎರಡು ಪ್ರಯಾಣಿಕ ಹಡಗುಗಳು ಪರಸ್ಪರರನ್ನು ರೇಡಾರಿನಲ್ಲಿ ನೋಡುತ್ತ ನೋಡುತ್ತಲೇ ಡಿಕ್ಕಿ ಹೊಡೆದವು. ಒಂದು ಎಡಕ್ಕೆ ತಿರುಗಿತು, ಇನ್ನೊಂದು ಬಲಕ್ಕೆ ತಿರುಗಿತು. ಸತ್ತವರು 51 ಜನ. ಚುಕ್ಕೆ ಕಂಡರೆ ಸಾಲದು, ಅದು ಎತ್ತ ಸಾಗುತ್ತಿದೆ ಅಂತ ಗುರುತು ಹಾಕಿ ನೋಡಬೇಕು. 1972ರ ಅಂತರರಾಷ್ಟ್ರೀಯ ಕಡಲ ನಿಯಮಗಳು ರೇಡಾರಿನ ಅರೆಬರೆ ಮಾಹಿತಿ ನಂಬಿ ಊಹೆ ಕಟ್ಟಬೇಡಿ ಎಂದು ಬರೆದೇ ಇಟ್ಟಿವೆ. ಕೆಲಸ ಮಾಡುವ ರೇಡಾರ್ ದೋಣಿಯಲ್ಲಿದ್ದರೆ ಅದನ್ನು ಸರಿಯಾಗಿ ಬಳಸಲೇಬೇಕು ಎಂದೂ ಇದೆ. ಶೋಕಿಗೆ ಇಟ್ಟುಕೊಂಡೆ ಅಂದರೆ ನಡೆಯುವುದಿಲ್ಲ, ಸ್ವಾಮಿ.

ಹಾಗಾಗಿ ಕ್ಯಾಪ್ಟನ್ನರೇ, ಫಳಫಳ ಬಿಸಿಲಿರುವಾಗ ಆನ್ ಮಾಡಿ. ಕಣ್ಣಿಗೆ ಕಾಣುವ ಬಂಡೆ ಪರದೆಯಲ್ಲಿ ಎಲ್ಲಿದೆ, ಹೇಗಿದೆ ನೋಡಿ. ಎದುರು ಬರುವ ದೋಣಿಯ ಚುಕ್ಕೆಯ ಮೇಲೆ, ಅದಿರುವ ದಿಕ್ಕು ತೋರುವ ಬೇರಿಂಗ್ ಗೆರೆ ಎಳೆಯಿರಿ. ಆ ಚುಕ್ಕೆ ಗೆರೆ ಬಿಡದೆ ನಿಮ್ಮತ್ತಲೇ ಜಾರಿ ಬಂದರೆ ಡಿಕ್ಕಿ ಖಾತ್ರಿ, ಪಕ್ಕಕ್ಕೆ ತಿರುಗಿಕೊಳ್ಳಿ. ಹಾಡಹಗಲಲ್ಲಿ ರೇಡಾರ್ ಹಾಕಿದ್ದಾರೆ ಅಂತ ಪಕ್ಕದ ದೋಣಿಯವರು ನಕ್ಕರೆ ನಗಲಿ ಬಿಡಿ.