ಮನೆಯೊಳಗೆ ಲ್ಯಾನ್ ಎಳೆಯುವ ವಿಧಾನ: ಕೆಜಿಎಫ್ ಮತ್ತು ಬಂಗಾರಪೇಟೆ ಗ್ರಾಹಕರಿಗಾಗಿ ಪರಿಷ್ಕೃತ ಕೈಪಿಡಿ

ನೀವೀಗ ಒಂದು ರೂಟರಿನ ಒಡೆಯರು. ಪೆಟ್ಟಿಗೆಯ ಜೊತೆ ಬಂದ ಕೈಪಿಡಿಯನ್ನು ದಯವಿಟ್ಟು ಪಕ್ಕಕ್ಕಿಡಿ. ಅದರ ಚಿತ್ರದಲ್ಲಿರುವ ಮನೆಯಲ್ಲಿ ಒಂದು ಸೋಫಾ, ಒಂದು ಹೂಕುಂಡ ಮತ್ತು ಕಾರಣವಿಲ್ಲದೆ ನಗುತ್ತಿರುವ ಒಬ್ಬ ಗಂಡಸು ಇದ್ದಾರೆ. ಗೋಡೆಗೆ ಮೊಳೆ ಹೊಡೆಯಬೇಡಿ ಎನ್ನುವ ಮಾಲೀಕರಿಲ್ಲ. ಸೀರಿಯಲ್ ಹೊತ್ತಿಗೆ ನೆಟ್ಟು ನಿಂತರೆ ಊಟ ಬಿಡುವ ಅಜ್ಜಿಯಿಲ್ಲ. ಕರೆಂಟು ಹೋಗುವುದೇ ಇಲ್ಲ. ಅಂಥ ಮನೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಆಂಡರ್ಸನ್‌ಪೇಟೆಯಲ್ಲಾಗಲಿ ಇದುವರೆಗೆ ಕಂಡುಬಂದಿಲ್ಲ. ಆದ್ದರಿಂದ ಈ ಪರಿಷ್ಕೃತ ಆವೃತ್ತಿ.

ಭಾಗ 1: ಈ ಕೈಪಿಡಿ ಯಾರಿಗೆ

ಕಂಪ್ಯೂಟರ್ ಗೊತ್ತಿರುವ ನಿಮ್ಮ ಮಗ ಅಥವಾ ಮಗಳಿಗಲ್ಲ. 2001ರ ಫೆಬ್ರವರಿ 28ರಂದು ಇಲ್ಲಿನ ಚಿನ್ನದ ಗಣಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಊರಿನ ದುಡಿಮೆಯಲ್ಲಿ ದೊಡ್ಡ ಪಾಲು ಬೆಂಗಳೂರಿನ ರೈಲು ಹತ್ತಿತು. ಮಾರಿಕುಪ್ಪಂನಲ್ಲಿ ಸೀಟು ಹಿಡಿದು, ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ, ಬಂಗಾರಪೇಟೆಯಲ್ಲಿ ನಿಲ್ಲಲೂ ಜಾಗವಿಲ್ಲದ ಹೊತ್ತಿಗೆ ನಿದ್ದೆ ಹೋಗುವ ಆ ಮಕ್ಕಳು ರಾತ್ರಿಯೇ ಮನೆ ಸೇರುವುದು. ನೆಟ್‌ವರ್ಕ್ ಕೆಡುವುದು ಮಾತ್ರ ಬೆಳಿಗ್ಗೆ ಹನ್ನೊಂದಕ್ಕೆ. ಬೆಂಗಳೂರಿನ ಯಾವುದೋ ಕಂಪನಿಯ ಸಾವಿರ ಕಂಪ್ಯೂಟರನ್ನು ನೋಡಿಕೊಳ್ಳುವ ಮಗಳು, ಮನೆಯ ಒಂದು ಡಬ್ಬ ಸರಿ ಮಾಡಲು ಫೋನಿನಲ್ಲಿ ಪಿಸುಮಾತಿನಲ್ಲಿ ಹೇಳುತ್ತಾಳೆ: "ಅಪ್ಪಾ, ಆಫ್ ಮಾಡಿ ಆನ್ ಮಾಡಿ." ಈ ಕೈಪಿಡಿ ಆ ಅಪ್ಪನಿಗೆ. ಹಗಲು ಮನೆಯಲ್ಲಿ ಉಳಿಯುವ ಎಲ್ಲರಿಗೂ.

ಭಾಗ 2: ಧೈರ್ಯವಚನ

ಲ್ಯಾನ್‌ಗೆ, ಅಂದರೆ ಮನೆಯ ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಜಾಲಕ್ಕೆ, ತಂತಿ ಎಳೆಯಲು ಹೆದರಬೇಡಿ. ಈ ಊರು ಆ ಕೆಲಸವನ್ನು ನೂರು ವರ್ಷಕ್ಕೂ ಹಿಂದೆಯೇ ನೋಡಿದೆ. ಕಾವೇರಿಯ ಶಿವನಸಮುದ್ರದಿಂದ ಇಲ್ಲಿನ ಗಣಿಗೆ ಸುಮಾರು 92 ಮೈಲಿ ತಂತಿ ಎಳೆದು ವಿದ್ಯುತ್ ತಂದದ್ದು 1902ರಲ್ಲಿ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದ್ದು 1905ರಲ್ಲಿ, ಅಂದರೆ ನಮಗಿಂತ ಮೂರು ವರ್ಷ ತಡವಾಗಿ. ನೀವು ಈಗ ಎಳೆಯಬೇಕಾಗಿರುವುದು ಹಜಾರದಿಂದ ಹಿಂದಿನ ಕೋಣೆಗೆ, ಮೂವತ್ತು ಅಡಿ. ನಡುವೆ ಕಾಡಿಲ್ಲ, ಬೆಟ್ಟವಿಲ್ಲ. ಒಂದು ಗಾಡ್ರೇಜ್ ಬೀರು ಇದೆ, ಅಷ್ಟೆ.

ಭಾಗ 3: ನಿಮ್ಮ ಮನೆ ಯಾವ ಬಗೆಯದು

(ಅ) ಲೈನ್ ಮನೆ. ಗಣಿ ಕಾರ್ಮಿಕರಿಗೆಂದು ಸಾಲುಸಾಲಾಗಿ ಕಟ್ಟಿದವು. ಗೋಡೆ ಅರ್ಧ ನಿಮ್ಮದು, ಅರ್ಧ ಪಕ್ಕದವರದು. ಇಲ್ಲಿ ವೈಫೈ ಸಿಗುವುದಿಲ್ಲ ಎಂಬ ದೂರು ಬರುವುದಿಲ್ಲ. ಬೇಡದ ಕಡೆಯೂ ಸಿಗುತ್ತದೆ ಎಂಬುದೇ ತೊಂದರೆ. ಸಾಲಿನ ನಾಲ್ಕು ಮನೆಯವರು ನಿಮ್ಮ ಪಾಸ್‌ವರ್ಡ್ ಬಲ್ಲರು, ಬದಲಿಸಿದರೆ "ಯಾಕಮ್ಮ, ಬೇಜಾರಾ?" ಎಂದು ಕೇಳುವರು. ಟೀವಿಗೂ ಕಂಪ್ಯೂಟರಿಗೂ ವೈರು ಹಾಕಿಕೊಂಡರೆ ಪಾಸ್‌ವರ್ಡ್ ಬದಲಿಸದೆ ನೆಂಟಸ್ತನವೂ ಉಳಿಯುತ್ತದೆ, ನಿಮ್ಮ ಸಿನಿಮಾ ನಿಲ್ಲುವುದೂ ಕಡಿಮೆಯಾಗುತ್ತದೆ.

(ಆ) ಇಂಗ್ಲಿಷರ ಕಾಲದ ಬಂಗಲೆ. ದಪ್ಪ ಗೋಡೆ, ಎತ್ತರದ ಸೂರು. ವೈಫೈ ಎರಡನೆಯ ಗೋಡೆಗೇ ಸುಸ್ತಾಗುತ್ತದೆ. ವೈರು ಬಿಟ್ಟು ಬೇರೆ ದಾರಿಯಿಲ್ಲ. ಗೋಡೆ ಕೊರೆಯುವ ಮೊದಲು ಮೇಸ್ತ್ರಿಗೆ ಟೀ ಕೊಡಿ. ಕೊರೆದ ಮೇಲೆ ಇನ್ನೊಮ್ಮೆ ಕೊಡಬೇಕಾಗುತ್ತದೆ.

(ಇ) ಬಂಗಾರಪೇಟೆಯ ಹೊಸ ಮನೆ. ಕೆಳಗೆ ನೀವು, ಮೇಲೆ ಬಾಡಿಗೆಯವರು. ಮೋಲ್ಡಿನ ಕಬ್ಬಿಣವೂ ಕಾಂಕ್ರೀಟೂ ವೈಫೈಯನ್ನು ತಡೆಯುತ್ತವೆ. ಬಾಡಿಗೆಯವರಿಗೆ ಇದನ್ನು ವಿವರಿಸಿ, ಅವರದೇ ಕನೆಕ್ಷನ್ ತೆಗೆದುಕೊಳ್ಳಲು ಹೇಳಿ.

ಭಾಗ 4: ಕೇಬಲ್ ಕೊಳ್ಳುವುದು

ಅಂಗಡಿಯಲ್ಲಿ "ಕ್ಯಾಟ್ ಸಿಕ್ಸ್" ಎಂದು ಕೇಳಿ. "ಕ್ಯಾಟ್ ಫೈವ್ ಇ" ಆದರೂ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗಕ್ಕೆ ಸಾಲುತ್ತದೆ. ಎರಡರಲ್ಲೂ ಎಂಟು ತಂತಿ, ನಾಲ್ಕು ಜೋಡಿ. ಒಂದೇ ಎಳೆಯಲ್ಲಿ 100 ಮೀಟರಿನವರೆಗೆ ಹೋಗಬಹುದು. ನಿಮ್ಮ ಮನೆ ಅದಕ್ಕಿಂತ ಉದ್ದವಿದ್ದರೆ ಈ ಕೈಪಿಡಿ ಬಿಟ್ಟು ಆಳು ಇಟ್ಟುಕೊಳ್ಳಿ.

ಎಚ್ಚರಿಕೆ: ಅಗ್ಗದ ಕೇಬಲ್ಲಿನಲ್ಲಿ ತಂತಿ ಅಲ್ಯೂಮಿನಿಯಮ್ಮಿನದು, ಮೇಲೆ ಮಾತ್ರ ತಾಮ್ರದ ಲೇಪ. ನೋಡಲು ಕೆಂಪಗೇ ಇರುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಹಿಂದಿರುಗಿಸಿ. ಅಲ್ಯೂಮಿನಿಯಂ ತಾಮ್ರದಷ್ಟು ಚೆನ್ನಾಗಿ ವಿದ್ಯುತ್ ಹರಿಸುವುದಿಲ್ಲ, ನಾಲ್ಕು ಸಲ ಬಗ್ಗಿಸಿದರೆ ಒಳಗೇ ಮುರಿಯುತ್ತದೆ, ಮುರಿದದ್ದು ಹೊರಗೆ ಕಾಣುವುದೂ ಇಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಚಿನ್ನ ತೆಗೆದ ಊರಿನವರಿಗೆ ಲೇಪದ ಲೋಹವನ್ನು ಅಸಲಿಯೆಂದು ಮಾರಲು ಬರುವವರ ಧೈರ್ಯ ಮೆಚ್ಚಬೇಕು, ಸರಕನ್ನಲ್ಲ.

ಭಾಗ 5: ಎಳೆಯುವುದು

ಮೊದಲು ದಾರದಿಂದ ದಾರಿ ಅಳೆಯಿರಿ, ಮೇಲೆ ಎರಡು ಮೀಟರ್ ಸೇರಿಸಿ. ಗೋಡೆಯ ಅಂಚಿಗೆ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ ಹೊಡೆದು ಅದರೊಳಗೆ ಕೂರಿಸಿದರೆ ಇಲಿಗೂ ಪೊರಕೆಗೂ ಸಿಗುವುದಿಲ್ಲ. ಮೂಲೆಯಲ್ಲಿ ಚೂಪಾಗಿ ಮಡಚಬೇಡಿ, ದುಂಡಗೆ ತಿರುಗಿಸಿ. ಕರೆಂಟಿನ ವೈರಿನ ಪಕ್ಕಪಕ್ಕದಲ್ಲೇ ದೂರದವರೆಗೆ ಒಯ್ಯಬೇಡಿ. ದಾಟಲೇಬೇಕಾದರೆ ಅಡ್ಡಕ್ಕೆ ದಾಟಿಸಿ.

ಕಾರಣ ತಿಳಿಯಲು ಇಷ್ಟವಿದ್ದವರಿಗೆ: ಒಳಗಿನ ಜೋಡಿ ತಂತಿಗಳನ್ನು ಹುರಿ ಹೊಸೆದಿರುವುದೇ ಹೊರಗಿನ ವಿದ್ಯುತ್ ಗದ್ದಲ ತಪ್ಪಿಸಲು. ಎರಡೂ ತಂತಿಗೆ ಗದ್ದಲ ಸಮಸಮ ಬೀಳುತ್ತದೆ. ಆಚೆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಸೊನ್ನೆಯಾಗಿ ಸಂದೇಶ ಉಳಿಯುತ್ತದೆ. ಗದ್ದಲದ ಕಾಟ ಈ ಊರಿಗೆ ಹೊಸದಲ್ಲ. ಆಕಾಶದಿಂದ ಸುರಿಯುವ ಕಾಸ್ಮಿಕ್ ಕಿರಣಗಳ ಗದ್ದಲ ತಪ್ಪಿಸಿಕೊಂಡು ವಾತಾವರಣದ ನ್ಯೂಟ್ರಿನೋ ಹುಡುಕಲು ವಿಜ್ಞಾನಿಗಳು ಇಲ್ಲಿನ ಗಣಿಯೊಳಗೆ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣ ಇಟ್ಟು, 1965ರಲ್ಲಿ ಅದನ್ನು ಕಂಡರು. ನೀವು ಅಷ್ಟು ಆಳಕ್ಕೆ ಇಳಿಯಬೇಕಿಲ್ಲ. ಮಿಕ್ಸಿಯ ವೈರಿನಿಂದ ಒಂದಡಿ ದೂರ ಇರಿ, ಸಾಕು.

ಕಡ್ಡಾಯ ನಿಷೇಧ: ಎದುರು ಮನೆಯ ಅತ್ತೆಗೂ ನೆಟ್ಟು ಸಿಗಲಿ ಎಂದು ಮಹಡಿಯಿಂದ ಮಹಡಿಗೆ ಲ್ಯಾನ್ ಕೇಬಲ್ ಎಸೆಯಬೇಡಿ. ಮಳೆಗಾಲದಲ್ಲಿ ಸಿಡಿಲು ಹತ್ತಿರ ಬಿದ್ದರೆ ಆ ತಾಮ್ರದ ದಾರಿಯಲ್ಲೇ ವಿದ್ಯುತ್ ಎರಡೂ ಮನೆಗೆ ನುಗ್ಗುತ್ತದೆ. ಹೊರಗಿನ ದಾರಿಗೆ ಲೋಹದ ತಂತಿಯಿಲ್ಲದ ಫೈಬರ್ ಸರಿ; ಅದರೊಳಗಿರುವುದು ಗಾಜು, ವಿದ್ಯುತ್ ಹರಿಯದು.

ಭಾಗ 6: ತುದಿ ಕಟ್ಟುವುದು

ಕ್ರಿಂಪಿಂಗ್ ಟೂಲ್ ಒಂದು, ಆರ್‌ಜೆ 45 ಕನೆಕ್ಟರ್ ಬೇಕಾದ್ದಕ್ಕಿಂತ ಹತ್ತು ಹೆಚ್ಚು. ಕನೆಕ್ಟರಿನ ಕ್ಲಿಪ್ಪು ಕೆಳಗಿರಲಿ, ತಂತಿ ಹೋಗುವ ತೂತು ನಿಮ್ಮ ಕಡೆಗಿರಲಿ. ಎಡದಿಂದ ಬಲಕ್ಕೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಹಸಿರು ಜೋಡಿಯನ್ನು ಬಿಡಿಸಿ ನಡುವೆ ನೀಲಿಯನ್ನು ಕೂರಿಸಿದ್ದೇಕೆ ಎಂದು ವಾದಿಸಬೇಡಿ. ವಾದಿಸಿದವರ ನೆಟ್ಟು ನಡೆದಿಲ್ಲ. ಹುರಿ ಬಿಚ್ಚಿದ್ದು ಅರ್ಧ ಅಂಗುಲಕ್ಕಿಂತ ಹೆಚ್ಚು ಉಳಿಯದಂತೆ ಕತ್ತರಿಸಿ, ಹೊರಗಿನ ಸಿಪ್ಪೆಯೂ ಕನೆಕ್ಟರಿನೊಳಕ್ಕೆ ಹೋಗುವಂತೆ ತಳ್ಳಿ, ಟೂಲಿನಿಂದ ಒತ್ತಿ. ಬಿಳಿಯ ಪಟ್ಟಿಗಳಲ್ಲಿ ಯಾವುದು ಕಿತ್ತಳೆ, ಯಾವುದು ಕಂದು ಎಂದು ಟ್ಯೂಬ್‌ಲೈಟಿನಲ್ಲಿ ಕಾಣದು. ಹಗಲಲ್ಲಿ ಮಾಡಿ, ಸೂಜಿಗೆ ದಾರ ಪೋಣಿಸಬಲ್ಲ ಮೊಮ್ಮಗುವನ್ನು ಕೂರಿಸಿಕೊಳ್ಳಿ.

ಭಾಗ 7: ರೂಟರ್ ಎಂದರೇನು

ಬಂಗಾರಪೇಟೆ ಜಂಕ್ಷನ್. ಬೆಂಗಳೂರು-ಚೆನ್ನೈ ಮುಖ್ಯ ಹಳಿ ಅಲ್ಲಿ ಹಾದುಹೋಗುತ್ತದೆ. ಮಾರಿಕುಪ್ಪಂಗೂ ಕೋಲಾರಕ್ಕೂ ಅಲ್ಲಿಂದ ಕವಲು. ರೂಟರಿನ ಹಿಂದೆ ಬೇರೆ ಬಣ್ಣದಲ್ಲಿ ಒಂಟಿಯಾಗಿರುವ ವ್ಯಾನ್ ಪೋರ್ಟು ಮುಖ್ಯ ಹಳಿ. ಫೈಬರಿನವರು ಕೊಟ್ಟ ಡಬ್ಬದಿಂದ ಬರುವ ವೈರು ಅದಕ್ಕೆ ಮಾತ್ರ. ಪಕ್ಕದ ನಾಲ್ಕು ಲ್ಯಾನ್ ಪೋರ್ಟುಗಳು ಕವಲು ದಾರಿಗಳು. ಬಂದ ಪ್ರತಿಯೊಂದು ಮಾಹಿತಿ ಪೊಟ್ಟಣದ ವಿಳಾಸ ನೋಡಿ ಯಾವ ಹಳಿಗೆ ಎಂದು ತೀರ್ಮಾನಿಸುವುದೇ ರೂಟರಿನ ಉದ್ಯೋಗ.

ಮನೆಯೊಳಗಿನ ಯಂತ್ರಗಳಿಗೆ ಅದು ಸಾಮಾನ್ಯವಾಗಿ 192.168 ಎಂದು ಆರಂಭವಾಗುವ ನಂಬರು ಹಂಚುತ್ತದೆ. ಊರಿನ ಎಲ್ಲರ ಮನೆಯಲ್ಲೂ ಇದೇ ನಂಬರಿದ್ದರೂ ಜಗಳವಿಲ್ಲ, ಯಾಕೆಂದರೆ ಅದು ಹೊಸಿಲು ದಾಟುವುದಿಲ್ಲ. ಹೊರಗೆ ಹೋಗುವಾಗ ಮನೆಮಂದಿಯೆಲ್ಲ ರೂಟರಿನ ಒಂದೇ ವಿಳಾಸದಲ್ಲಿ ಹೋಗುತ್ತಾರೆ.

ಪೋರ್ಟು ನಾಲ್ಕೇ, ಕೇಳುವವರು ಏಳು. ತೀರ್ಪು ಹೀಗೆ: ಕೂತಲ್ಲೇ ಕೂತಿರುವುದಕ್ಕೆ ವೈರು, ತಿರುಗಾಡುವುದಕ್ಕೆ ವೈಫೈ. ಟೀವಿ, ಕಂಪ್ಯೂಟರು, ಪ್ರಿಂಟರು, ಸಿಸಿಟಿವಿ ಡಬ್ಬ ಇವು ವೈರಿಗೆ ಅರ್ಹ. ಈ ನಿಯಮದ ಪ್ರಕಾರ ಅಜ್ಜನಿಗೂ ಒಂದು ವೈರು ಸಲ್ಲಬೇಕು, ಅವರು ಒಪ್ಪುವುದಿಲ್ಲ. ಸಾಲದಿದ್ದರೆ ಐದು ಪೋರ್ಟಿನ ನೆಟ್‌ವರ್ಕ್ ಸ್ವಿಚ್ ತನ್ನಿ, ಅದರದೊಂದು ಪೋರ್ಟನ್ನು ರೂಟರಿಗೆ ಕೊಡಿ, ಮಿಕ್ಕ ನಾಲ್ಕು ನಿಮ್ಮವು.

ಭಾಗ 8: ಬೀಗ

ಬ್ರೌಸರಿನಲ್ಲಿ 192.168.1.1 ಅಥವಾ ರೂಟರಿನ ತಳದಲ್ಲಿ ಅಂಟಿಸಿರುವ ವಿಳಾಸ ಒತ್ತಿ. ಅಲ್ಲಿ ಎರಡು ಪಾಸ್‌ವರ್ಡ್ ಇವೆ: ವೈಫೈಯದು ನೆಂಟರಿಗೆ, ಅಡ್ಮಿನ್ ಪಾಸ್‌ವರ್ಡ್ ಯಜಮಾನರಿಗೆ. ಕಂಪನಿ ಇಟ್ಟು ಕಳಿಸಿದ ಎರಡನ್ನೂ ಮೊದಲಿಗೇ ಬದಲಿಸಿ, ಎರಡನ್ನೂ ಬೇರೆಬೇರೆ ಇಡಿ. ನೆಂಟರಿಗೆಂದೇ ಗೆಸ್ಟ್ ನೆಟ್‌ವರ್ಕ್ ಇದ್ದರೆ ಅದನ್ನು ಆನ್ ಮಾಡಿ; ಬಂದವರು ಬಂದ ಹಾಗೆ ಹೋಗುತ್ತಾರೆ, ನಿಮ್ಮ ಪ್ರಿಂಟರಿನಲ್ಲಿ ಮದುವೆ ಪತ್ರಿಕೆ ತೆಗೆಯುವುದಿಲ್ಲ.

ಭಾಗ 9: ದೋಷ ಮತ್ತು ಪರಿಹಾರ

ದೋಷ: ಪೋರ್ಟಿನ ದೀಪ ಹತ್ತುವುದಿಲ್ಲ. ಪರಿಹಾರ: ಟಕ್ ಎಂದು ಸದ್ದು ಬರುವ ತನಕ ಒತ್ತಿ. ಆಗಲೂ ಹತ್ತದಿದ್ದರೆ ತುದಿ ಕತ್ತರಿಸಿ ಹೊಸದು ಕಟ್ಟಿ.

ದೋಷ: ಗಿಗಾಬಿಟ್ ಬರಬೇಕಾದಲ್ಲಿ 100 ಮೆಗಾಬಿಟ್ ಮಾತ್ರ ಬರುತ್ತಿದೆ. ಪರಿಹಾರ: 100ಕ್ಕೆ ನಾಲ್ಕು ತಂತಿ ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ಸರಿಯಾಗಿ ಕೂತಿಲ್ಲ.

ದೋಷ: ಇದ್ದಕ್ಕಿದ್ದಂತೆ ಇಡೀ ಮನೆಯ ನೆಟ್ಟು ಸತ್ತಿದೆ, ಎಲ್ಲ ದೀಪಗಳೂ ಹುಚ್ಚೆದ್ದು ಮಿನುಗುತ್ತಿವೆ. ಪರಿಹಾರ: ಮನೆ ಒಪ್ಪ ಮಾಡುವಾಗ ಯಾರೋ ನೇತಾಡುತ್ತಿದ್ದ ವೈರಿನ ಎರಡನೆಯ ತುದಿಯನ್ನೂ ಅದೇ ಸ್ವಿಚ್ಚಿಗೆ ಸಿಕ್ಕಿಸಿದ್ದಾರೆ. ಸಂದೇಶಗಳು ಸುತ್ತಿ ಸುತ್ತಿ ದಾರಿ ತುಂಬಿವೆ. ಒಂದು ತುದಿ ಕೀಳಿ. ಯಾರು ಎಂದು ವಿಚಾರಣೆ ನಡೆಸಬೇಡಿ.

ದೋಷ: ಕೆಲವು ಯಂತ್ರಕ್ಕೆ ನೆಟ್ಟು ಇದೆ, ಕೆಲವಕ್ಕಿಲ್ಲ. ಪರಿಹಾರ: ಹಳೆಯ ರೂಟರನ್ನು ದಂಡ ಯಾಕೆಂದು ಲ್ಯಾನ್ ಪೋರ್ಟಿಗೆ ಸೇರಿಸಿದ್ದೀರಿ. ಈಗ ನಂಬರು ಹಂಚುವ ಯಜಮಾನರು ಇಬ್ಬರು. ಹಳೆಯದರ ಡಿಎಚ್‌ಸಿಪಿ ಎಂಬ ನಂಬರು ಹಂಚುವ ವ್ಯವಸ್ಥೆಯನ್ನು ಆಫ್ ಮಾಡಿ, ಅದರ ವಿಳಾಸ ಬದಲಿಸಿ, ಸ್ವಿಚ್ಚಿನಂತೆ ಬಳಸಿ.

ದೋಷ: ಕರೆಂಟು ಹೋದಾಗ ರೂಟರ್ ಯುಪಿಎಸ್ಸಿನಲ್ಲಿದ್ದರೂ ನೆಟ್ಟಿಲ್ಲ. ಪರಿಹಾರ: ಫೈಬರಿನ ಡಬ್ಬ ಬೇರೆ ಪ್ಲಗ್ಗಿನಲ್ಲಿದೆ. ಎರಡನ್ನೂ ಯುಪಿಎಸ್ಸಿಗೆ ಕೊಡಿ.

ದೋಷ: ರೂಟರ್ ಬಿಸಿಯಾಗಿ ತಾನೇ ಆಫ್ ಆಗುತ್ತಿದೆ. ಪರಿಹಾರ: ಮೇಲೆ ಹಾಕಿದ ಕಸೂತಿ ಬಟ್ಟೆ ತೆಗೆಯಿರಿ. ಬೇಸಿಗೆಯ ಗಾಳಿಗೆ ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳಿಂದ ಎದ್ದ ಧೂಳು ಕಿಂಡಿಯಲ್ಲಿ ಕೂತಿರುತ್ತದೆ. ಒಣ ಬ್ರಷ್ಷಿನಿಂದ ಒರೆಸಿ. ಕುಂಕುಮ ಇಟ್ಟಿದ್ದರೆ ಇರಲಿ, ತಾಂತ್ರಿಕವಾಗಿ ಅಡ್ಡಿಯಿಲ್ಲ.

ಭಾಗ 10: ನಕ್ಷೆ

ಬೇರೆ ಯಾವ ಭಾಗ ಬಿಟ್ಟರೂ ಇದನ್ನು ಬಿಡಬೇಡಿ. ಗಣಿಯ ಒಳದಾರಿಗಳ ನಕ್ಷೆ ಇಡುವುದು ಕಾನೂನಿನಲ್ಲೇ ಕಡ್ಡಾಯ. ಅಗೆದವರು ನಿವೃತ್ತರಾದ ಮೇಲೂ ಒಳಗೆ ಹೋಗುವವರಿಗೆ ದಾರಿ ತಿಳಿಯಬೇಕಲ್ಲ. ಮನೆಯ ಲ್ಯಾನಿಗೂ ಆ ಕಾನೂನು ಅನ್ವಯ ಮಾಡಿಕೊಳ್ಳಿ. ಪ್ರತಿ ವೈರಿನ ಎರಡೂ ತುದಿಗೆ ಚೀಟಿ ಅಂಟಿಸಿ: "ಟೀವಿ", "ಮಗಳ ರೂಮು", "ಕ್ಯಾಮೆರಾ". ಒಂದು ಹಾಳೆಯಲ್ಲಿ ಯಾವುದು ಎಲ್ಲಿಂದ ಎಲ್ಲಿಗೆ ಎಂದು ಗೆರೆ ಎಳೆಯಿರಿ. ಯಾವ ಡಬ್ಬವನ್ನು ಮೊದಲು ಆನ್ ಮಾಡಬೇಕು ಎಂದು ಬರೆಯಿರಿ: ಮೊದಲು ಫೈಬರ್ ಡಬ್ಬ, ಎರಡು ನಿಮಿಷ ಬಿಟ್ಟು ರೂಟರ್, ಆಮೇಲೆ ಸ್ವಿಚ್. ಕೇಬಲ್ ಆಫೀಸಿನ ಫೋನ್ ನಂಬರನ್ನೂ ಬರೆಯಿರಿ. ಇಂಗ್ಲಿಷೇ ಆಗಬೇಕೆಂದಿಲ್ಲ, ಕನ್ನಡ, ತಮಿಳು, ತೆಲುಗು, ಹಗಲು ಮನೆಯಲ್ಲಿರುವವರು ಯಾವುದನ್ನು ಸರಾಗವಾಗಿ ಓದುತ್ತಾರೋ ಆ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಮೀಟರ್ ಬೋರ್ಡಿನ ಪಕ್ಕ ಅಂಟಿಸಿ. ಅಡ್ಮಿನ್ ಪಾಸ್‌ವರ್ಡನ್ನು ಮಾತ್ರ ಬೀರುವಿನಲ್ಲಿಡಿ.

ಖಾತರಿ: ರೂಟರಿಗೆ ಕಂಪನಿ ಕೊಟ್ಟಷ್ಟು ದಿನ. ತಾಮ್ರದ ಕೇಬಲ್ಲನ್ನು ನೀಟಾಗಿ ಎಳೆದಿದ್ದರೆ ಅದು ಎರಡು ಮೂರು ರೂಟರುಗಳಿಗಿಂತ ಹೆಚ್ಚು ಬಾಳುತ್ತದೆ. ಹಾಗಾಗಿ ದುಡ್ಡು ಉಳಿಸುವುದಿದ್ದರೆ ರೂಟರಿನಲ್ಲಿ ಉಳಿಸಿ, ಕೇಬಲ್ಲಿನಲ್ಲಿ ಬೇಡ.