ಹುಳಿಯಾಗುವ ಹೊತ್ತು

ಮದ್ದೂರು ಎಂದ ಕೂಡಲೇ ನಿಮಗೆ ವಡೆ ನೆನಪಾದರೆ ನೀವು ಮಂಡ್ಯದ ಕಡೆಯವರು. ತೆಲಂಗಾಣದ ನಾರಾಯಣಪೇಟ ಜಿಲ್ಲೆಯ ನಮ್ಮ ಮದ್ದೂರಿಗೆ ವಡೆಯ ಹಂಗಿಲ್ಲ. ಇಲ್ಲಿ ಕನ್ನಡ, ತೆಲುಗು, ದಖ್ಖನಿ ಮೂರನ್ನೂ ಒಂದೇ ಮಾತಿನಲ್ಲಿ ಕಲಸಿ ಆಡಿದರೂ ಯಾರೂ ತಿರುಗಿ ನೋಡುವುದಿಲ್ಲ. ಇಂಥ ಊರಿನ ಹುಡುಗ, ನಮ್ಮ ಅಕ್ಕನ ಮಗ, ಬರ್ಲಿನ್‌ಗೆ ಹೋಗಿ ಕೂತು ಅಲ್ಲಿಯ ರಾತ್ರಿಗಳನ್ನು ಫೋನಿನಲ್ಲಿ ನನಗೆ ಬಡಿಸುತ್ತಾನೆ. "ಮಾಮಾ, ಇಲ್ಲಿ ಬಾರಿಗೆ ಬಾಗಿಲು ಹಾಕೋ ಟೈಮೇ ಇಲ್ಲ ನೋಡ್ರಿ!"

ಹುಡುಗ ಸುಳ್ಳು ಹೇಳುತ್ತಿಲ್ಲ. 1949ರಲ್ಲಿ ಹೈಂಟ್ಸ್ ಸೆಲ್ಲರ್‌ಮೈಯರ್ ಎಂಬ ಹೋಟೆಲಿನ ಯಜಮಾನರು ವಿಸ್ಕಿ ಬಾಟಲಿ ಹಿಡಿದುಕೊಂಡು ಅಮೆರಿಕದ ಸೇನಾಧಿಕಾರಿಯನ್ನು ಕಂಡು, ಪಶ್ಚಿಮ ಬರ್ಲಿನ್ನಿನ ಮುಚ್ಚುವ ವೇಳೆಯನ್ನೇ ತೆಗೆಸಿಹಾಕಿದರು. ಅರ್ಜಿಗೆ ಲಗತ್ತು ಅಂದರೆ ಹೀಗಿರಬೇಕು.

ನಮ್ಮ ಸಿಂದಿಗೆ ಇಂಥ ಸೇನಾಧಿಕಾರಿಯ ದಾಕ್ಷಿಣ್ಯ ಬೇಕಿಲ್ಲ. ಗಡಿಗೆಗೆ ತೊಟ್ಟಿಕ್ಕುವಾಗಲೇ ಅದಕ್ಕೆ ಹುದುಗು ಹತ್ತುತ್ತದೆ. ನಸುಕಿನಲ್ಲಿ ಇಳಿಸಿದ್ದು ಮಕ್ಕಳೂ ಕೈಚಾಚುವಷ್ಟು ಸಿಹಿ, ಬಿಸಿಲೇರಿದಂತೆ ನೊರೆಯೆದ್ದು ನಾಲಿಗೆ ಕಚ್ಚುತ್ತದೆ, ಸಂಜೆಗೆ ಹುಳಿ, ಮರುದಿನಕ್ಕಿಟ್ಟರೆ ಉಪ್ಪಿನಕಾಯಿಗೆ ಆದೀತು. ಬಾಗಿಲು ಹಾಕುವ ವೇಳೆ ಮರದಿಂದಲೇ ಇಳಿದು ಬರುತ್ತದೆ. ಹಾಗಾಗಿ ನಮ್ಮ ನೈಟ್‌ಲೈಫು ನಡೆಯುವುದು ಹಗಲಲ್ಲಿ.

ಸಿಂದಿ ಕುಡಿಯುವ ಕಾಂಪೌಂಡು ಎಂದರೆ ನಾಲ್ಕು ಗೋಡೆ, ಒಂದು ತಗಡಿನ ಚಪ್ಪರ, ಒಂದು ಬೇವಿನ ಮರ. ಸಿಂದಿ ಬರುವುದು ಹಳೆಯ ಬಿಯರ್ ಬಾಟಲಿಯಲ್ಲಿ. ಗಾಜಿನ ಮೇಲೆ ಯಾವುದೋ ಕಂಪನಿಯ ಹೆಸರು ಉಬ್ಬಿರುತ್ತದೆ, ಒಳಗಿರುವುದು ಈಚಲು. ಬಾಗಿಲಲ್ಲಿ ಮುದುಕಿಯೊಬ್ಬಳು ಗುಗ್ಗರಿ, ಬೋಟಿ, ಮಿರ್ಚಿಭಜಿ ಇಟ್ಟುಕೊಂಡಿರುತ್ತಾಳೆ. ಹೆಂಗಸರೂ ಬರುತ್ತಾರೆ, ನಾಟಿ ಮುಗಿಸಿದ ಕೆಸರುಗಾಲಿನಲ್ಲೇ ಕೂತು ಗಂಡಸರಿಗಿಂತ ಜೋರಾಗಿ ನಗುತ್ತಾರೆ. ಅತ್ತ ಬರ್ಲಿನ್ನಿನ ಬರ್ಗ್‌ಹೈನ್ ಎಂಬ ಕ್ಲಬ್ಬು ಹಳೆಯ ವಿದ್ಯುತ್ ಸ್ಥಾವರವೊಂದರಲ್ಲಿದೆ. ತಾಸುಗಟ್ಟಲೆ ಪಾಳಿ ನಿಂತವರನ್ನು ಬಾಗಿಲವನು ಒಮ್ಮೆ ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದರೆ ಮುಗಿಯಿತು, ಮನೆಗೆ ನಡಿ. ಒಳಗೆ ಬಿಟ್ಟರೂ ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರು ಅಂಟಿಸುತ್ತಾರೆ. ಆ ಸ್ಟಿಕ್ಕರಿನ ವಿಚಾರ ಮಾತ್ರ ನನಗೆ ಹಿಡಿಸಿತು. ನಮ್ಮ ಕಾಂಪೌಂಡಿನಲ್ಲಿ ಕೂತ ಮೇಷ್ಟರುಗಳಿಗೂ ಅದು ಒದಗೀತು.

ಮರ ಏರುವವನ ಪಾಡು ಬೇರೆ. ಸೊಂಟಕ್ಕೆ ಮೋಕು ಬಿಗಿದು ತಾಳೆಯನ್ನು ಏರುವ ಗೌಡರಿಗೆ ತೆಲಂಗಾಣ ಸರ್ಕಾರ 2024ರಲ್ಲಿ ಕಾಟಮಯ್ಯನ ಹೆಸರಿನ ರಕ್ಷಾಕವಚ ಕೊಡಲು ಶುರುಮಾಡಿತು. ಕಾಟಮಯ್ಯ ಅವರ ಕುಲದೇವರು. ದೇವರ ಜೊತೆಗೆ ಬೆಲ್ಟೂ ಇರಲಿ ಎಂಬುದು ಒಳ್ಳೆಯ ಆಡಳಿತವೇ.

ಬೆಳ್ಳಗಿರುವುದೆಲ್ಲ ಈಚಲಲ್ಲ, ಅದನ್ನೂ ಹೇಳಬೇಕು. ಮರಗಳು ಕಡಿಮೆಯಾದವು, ಕುಡಿಯುವವರು ಕಡಿಮೆಯಾಗಲಿಲ್ಲ. ನಡುವಿನ ಲೆಕ್ಕವನ್ನು ಸಿ.ಎಚ್. ಪೌಡರು ತುಂಬಿತು. ಕ್ಲೋರಲ್ ಹೈಡ್ರೇಟು ಸಂಜೆಗೂ ಹುಳಿಯಾಗುವುದಿಲ್ಲ, ಮನೆಗೂ ಹೋಗಗೊಡುವುದಿಲ್ಲ. ಅದಿಲ್ಲದ ದಿನ ಕೈ ನಡುಗಿ ಕಂಡಕಂಡವರ ಮೇಲೆ ಹರಿಹಾಯುವವರನ್ನು ರಾಯಚೂರಿನವರೂ ಕಂಡಿದ್ದಾರೆ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ, ಗಡಿಯಾಚೆಯ ಆ ಜಿಲ್ಲೆಗಳಲ್ಲಿ ಸಿಂದಿ ಅದಕ್ಕೂ ಮೊದಲೇ. ಆಮೇಲೆ ಅಲ್ಲಿಯ ಬಂಧುಗಳಿಗೆ ನಮ್ಮ ಮೇಲೆ ಪ್ರೀತಿ ಹೆಚ್ಚಿತು. ಭಾನುವಾರ ಬಂದವರು ಮೊದಲು ಕ್ಷೇಮ ವಿಚಾರಿಸಿ, ಆಮೇಲೆ ಮರದ ಸಿಂದಿ ಯಾರ ಹತ್ತಿರ ಎಂದು ವಿಚಾರಿಸುತ್ತಾರೆ. ನಾವೂ ಗೊತ್ತಿರುವ ಗೌಡನ ಮರ ತೋರಿಸುತ್ತೇವೆ.

ಹುಡುಗ ಈಗ ಜರ್ಮನ್ ಗೆಳೆಯನೊಬ್ಬನನ್ನು ಊರಿಗೆ ಕರೆತರುತ್ತಾನಂತೆ. ಅವನಿಗೆ ಕಾಂಪೌಂಡು ತೋರಿಸಬೇಕಂತೆ. ಭಾನುವಾರ ಎಷ್ಟೊತ್ತಿಗೆ ಬಂದರೆ ಚಲೋ ಎಂದು ಕೇಳಿದ.

"ಹತ್ತರೊಳಗ ಬರ್ರಿ. ಛಲೋ ಸಿಂದಿ ಅಷ್ಟೊತ್ತಿಗೇ ಖಾಲಿ."

"ಮುಂಜಾನಿ ಹತ್ತಕ್ಕೇನ್ರಿ? ಮಾಮಾ, ಶನಿವಾರ ರಾತ್ರಿ ಒಳಗ ಹೋದವ ಅಷ್ಟೊತ್ತಿಗೆ ಇನ್ನಾ ಹೊರಗೇ ಬಂದಿರಂಗಿಲ್ಲ."